ಟ್ಯಾಂಕಿನಿಂದ ಜೆಟ್‌ವರೆಗೆ

ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ ಕಡಲು ಸೇರುವ ಜಾಗ ದಾಟುವಾಗ ನಾಡದೋಣಿಯವರು ಈಗಲೂ ಮೈಯೆಲ್ಲ ಕಣ್ಣಾಗಿರುತ್ತಾರೆ. ಹೂಳು ತುಂಬಿದ ಅಳಿವೆಯ ಬಾಯಲ್ಲಿ ಅಲೆಗಳು ಒಂದರ ಬೆನ್ನಿಗೊಂದು ಮುರಿಯುತ್ತವೆ. ದೋಣಿಯ ಮೂತಿ ಅಲೆಗೆ ನೇರವಾಗಿ ಇರಬೇಕೆಂದರೆ ಹಿಂದೆ ಎಂಜಿನ್ ಓಡುತ್ತಲೇ ಇರಬೇಕು. ಅದು ನಿಂತಿತೋ, ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿ ಮಗುಚಲು ಒಂದು ಅಲೆ ಸಾಕು.

ಹಳೆಯ ಔಟ್‌ಬೋರ್ಡ್ ಎಂಜಿನ್‌ಗಳು ಬಹಳ ಸಲ ಕೈಕೊಡುವುದು ಇಂಥ ಕಡೆಯೇ. ಅದಕ್ಕೆ ಲೆಕ್ಕಕ್ಕೆ ಸಿಗುವ ಕಾರಣವಿದೆ. ನದಿಯೊಳಗೆ ಮೆಲ್ಲಗೆ ಸಾಗುವಾಗ ಎಂಜಿನ್ ಕುಡಿಯುವ ಎಣ್ಣೆ ಬಹಳ ಕಡಿಮೆ. ಅಳಿವೆಯಲ್ಲಿ ದೋಣಿ ನಡೆಸುವ ತಂಡೇಲ ಪೂರ್ತಿ ರೇಸ್ ಕೊಟ್ಟಾಗ ಬೇಡಿಕೆ ಒಮ್ಮೆಲೇ ಹಲವು ಪಟ್ಟು ಏರುತ್ತದೆ. 40 ಅಶ್ವಶಕ್ತಿಯ ಹಳೆಯ ಟೂ-ಸ್ಟ್ರೋಕ್ ಎಂಜಿನ್ ಪೂರ್ತಿ ವೇಗದಲ್ಲಿ ಗಂಟೆಗೆ 15 ಲೀಟರ್‌ಗೂ ಹೆಚ್ಚು ಎಣ್ಣೆ ಸುಡುತ್ತದೆ. ಅಂದರೆ ಪ್ರತಿ ಸೆಕೆಂಡಿಗೆ 4 ಮಿಲಿಲೀಟರ್‌ಗಿಂತ ಹೆಚ್ಚು, ಎಡೆಬಿಡದೆ ಬರಬೇಕು. ಅರ್ಧ ಕಟ್ಟಿಕೊಂಡ ಪೈಪಿನಿಂದ ನದಿಯ ನಡಿಗೆಗೆ ಬೇಕಾದಷ್ಟು ಎಣ್ಣೆ ಬರುತ್ತದೆ, ಅಳಿವೆಯ ಓಟಕ್ಕೆ ಬರುವುದಿಲ್ಲ. ಕಾರ್ಬ್ಯುರೇಟರ್‌ನ ಬಟ್ಟಲಲ್ಲಿ ಉಳಿದ ಎಣ್ಣೆ ಮುಗಿಯುವವರೆಗೆ ಎಂಜಿನ್ ಅಬ್ಬರಿಸುತ್ತದೆ, ಆಮೇಲೆ ಸೊರಗುತ್ತದೆ.

‘ಎಣ್ಣೆ ಎಳೀತಿಲ್ಲ’ ಎಂಬ ದೂರಿನೊಂದಿಗೆ ದಡಕ್ಕೆ ಬರುವ ಎಂಜಿನ್‌ಗಳ ಪಾಡು ಸಾಮಾನ್ಯವಾಗಿ ಒಂದೇ ತೆರನದ್ದು. ಮೆಕ್ಯಾನಿಕ್ ಅದನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಬಿಟ್ಟು ಹಗ್ಗ ಎಳೆಯುತ್ತಾರೆ. ಎಂಜಿನ್ ಒಂದೇ ಎಳೆತಕ್ಕೆ ಹೊತ್ತಿಕೊಂಡು ಸೊಗಸಾಗಿ ಓಡುತ್ತದೆ. ಡ್ರಮ್ಮಿನಲ್ಲಿ ಭಾರವಿಲ್ಲ, ಹೊರೆಯಿಲ್ಲ, ಪೂರ್ತಿ ರೇಸ್ ಕೊಡುವಂತೆಯೂ ಇಲ್ಲ. ತೊಂದರೆ ಕಾಣಿಸುವ ಸಂದರ್ಭವೇ ಅಲ್ಲಿ ಹುಟ್ಟುವುದಿಲ್ಲ. ಆದರೂ ಏನಾದರೂ ಮಾಡಬೇಕಲ್ಲ ಎಂದು ಕಾರ್ಬ್ಯುರೇಟರ್ ಬಿಚ್ಚುವುದು ರೂಢಿ. ಅದನ್ನು ತೊಳೆದು, ಗ್ಯಾಸ್ಕೆಟ್ ಬದಲಿಸಿ ಕೂರಿಸಿದರೆ ಮರುದಿನ ಅಳಿವೆಯಲ್ಲಿ ಅದೇ ಕಥೆ. ದೋಷ ಟ್ಯಾಂಕಿನ ಮುಚ್ಚಳದಲ್ಲೋ ಪೈಪಿನ ತುದಿಯಲ್ಲೋ ಇದ್ದಿರುತ್ತದೆ. ಔಟ್‌ಬೋರ್ಡ್‌ನ ಇಂಧನದ ತೊಂದರೆಗಳಲ್ಲಿ ದೊಡ್ಡ ಪಾಲು ಎಂಜಿನ್ ಹೊದಿಕೆಯ ಹೊರಗಿನ, ಅತಿ ಅಗ್ಗದ ಭಾಗಗಳಲ್ಲೇ ಹುಟ್ಟುತ್ತದೆ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮುನ್ನ ಎಣ್ಣೆ ಬರುವ ದಾರಿಯನ್ನು ಟ್ಯಾಂಕಿನ ಕಡೆಯಿಂದ ಹಿಡಿದು ನೋಡುತ್ತಾ ಬರಬೇಕು.

ಆ ದಾರಿ ಮೊದಲಿನಿಂದಲೂ ಇಷ್ಟು ಉದ್ದವಿರಲಿಲ್ಲ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಒಂದೂವರೆ ಅಶ್ವಶಕ್ತಿಯ ಎಂಜಿನ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಎಂಜಿನ್ ಜೊತೆಯಲ್ಲೇ ಇತ್ತು. ಎಣ್ಣೆ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತಿತ್ತು. ಪಂಪಿಲ್ಲ, ಉದ್ದದ ಪೈಪಿಲ್ಲ. ಎಂಜಿನ್ ದೊಡ್ಡದಾದಂತೆ ಅಷ್ಟು ಪೆಟ್ರೋಲನ್ನು ತಲೆಯ ಮೇಲೆ ಹೊರಿಸುವುದು ಆಗದೆ ಟ್ಯಾಂಕ್ ದೋಣಿಯೊಳಗೆ ಇಳಿಯಿತು. 1950ರ ದಶಕದ ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳು ಒಂದು ಪೈಪಿನಲ್ಲಿ ಟ್ಯಾಂಕಿಗೆ ಗಾಳಿಯ ಒತ್ತಡ ಕಳಿಸಿ, ಇನ್ನೊಂದು ಪೈಪಿನಲ್ಲಿ ಪೆಟ್ರೋಲ್ ತಳ್ಳಿಸಿಕೊಳ್ಳುತ್ತಿದ್ದವು. ಆಮೇಲೆ ಎಂಜಿನ್ ಮೈಗೇ ಅಂಟಿದ ಪುಟ್ಟ ಪಂಪು ಬಂದು, ಒಂದೇ ಪೈಪು, ನಡುವೆ ಕೈಯಿಂದ ಹಿಚುಕುವ ರಬ್ಬರ್ ಬಲ್ಬು ಎಂಬ ಏರ್ಪಾಡು ನೆಲೆಯೂರಿತು. ಇವತ್ತು ಜಗತ್ತಿನ ಬಹುಪಾಲು ಹಳೆಯ ಔಟ್‌ಬೋರ್ಡ್‌ಗಳದ್ದು ಇದೇ ಏರ್ಪಾಡು. ಎವಿನ್‌ರೂಡ್ ಎಂಜಿನ್‌ಗಳ ತಯಾರಿಕೆ 2020ರಲ್ಲಿ ನಿಂತಿತು. ಆ ಹೆಸರಿನ ಹಳೆಯ ಎಂಜಿನ್‌ಗಳು ಇನ್ನೂ ನೀರಿನ ಮೇಲಿವೆ.

ಕರ್ನಾಟಕದ ಕರಾವಳಿಗೆ ಈ ಎಂಜಿನ್‌ಗಳು ಬಂದುದರ ಹಿಂದೆ ಒಂದು ಸಂಕಟದ ಚರಿತ್ರೆಯಿದೆ. 1970ರ ದಶಕದ ಉತ್ತರಾರ್ಧದಲ್ಲಿ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದು, ಊರಿಗೂರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ ಹಿಂದೆ ಸರಿಯಿತು. ಹುಟ್ಟು ಹಾಕುವ ದೋಣಿಯವರು ಮೀನು ಇದ್ದ ಕಡೆಗೆ ಬೇಗ ಹೋಗಲೇಬೇಕಾಯಿತು. ನಾಡದೋಣಿಯ ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಬಂದು ಕೂತದ್ದು ಆ ಬಳಿಕ. ಪೆಟ್ರೋಲ್ ದುಬಾರಿ, ಸಬ್ಸಿಡಿ ದರದ ಸೀಮೆಎಣ್ಣೆ ಅಗ್ಗ. ಹಾಗಾಗಿ ಇಲ್ಲಿ ನೆಲೆಯೂರಿದ್ದು ಸೀಮೆಎಣ್ಣೆಯಲ್ಲಿ ಓಡುವ ಮಾದರಿಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ದಡದಲ್ಲಿರುವ ಆ 61 ದಿನಗಳಲ್ಲಿ, 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಕಡಲಿಗಿಳಿಯಲು ಅವಕಾಶವಿದೆ. ಸಿಗಡಿ, ಬೂತಾಯಿ, ಬಂಗುಡೆಯ ಈ ಮಳೆಗಾಲದ ದುಡಿಮೆಯೇ ಎಷ್ಟೋ ಮನೆಗಳ ವರ್ಷದ ಗಂಜಿ. ಕಡಲು ಅತಿ ಒರಟಾಗಿರುವುದೂ ಅದೇ ದಿನಗಳಲ್ಲಿ. ಎಂಜಿನ್ ನಂಬಿಕೆಗೆ ತಪ್ಪಬಾರದ ಕಾಲವೆಂದರೆ ಅದೇ.

ಸೀಮೆಎಣ್ಣೆಯ ಎಂಜಿನ್‌ಗೆ ಎಣ್ಣೆಯ ದಾರಿ ಎರಡು. ಪೆಟ್ರೋಲಿನದು ಸಣ್ಣ ಟ್ಯಾಂಕು, ಸೀಮೆಎಣ್ಣೆಯದು ದೊಡ್ಡದು. ನಡುವೆ ತಿರುಗಿಸುವ ಕಾಕ್. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಗೆ ಕನಿಷ್ಠ 35 ಡಿಗ್ರಿ ಶಾಖವಾದರೂ ಬೇಕು. ತಣ್ಣಗಿನ ಎಂಜಿನ್‌ನೊಳಗೆ ಸೀಮೆಎಣ್ಣೆ ಹನಿಯಾಗಿಯೇ ಉಳಿದು ಪ್ಲಗ್ಗನ್ನು ತೋಯಿಸುತ್ತದೆ. ಆದ್ದರಿಂದ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಹೋಗುವುದು ಕ್ರಮ. ದಡ ಸೇರುವ ಮುನ್ನ ಮತ್ತೆ ಪೆಟ್ರೋಲಿಗೆ ಬಂದು ಕೆಲವು ನಿಮಿಷ ಓಡಿಸಬೇಕು. ಬಟ್ಟಲಲ್ಲಿ, ಪಂಪಿನಲ್ಲಿ, ಪೈಪಿನಲ್ಲಿ ಉಳಿದ ಸೀಮೆಎಣ್ಣೆ ಸುಟ್ಟುಹೋಗಿ ಆ ಜಾಗದಲ್ಲಿ ಪೆಟ್ರೋಲ್ ನಿಲ್ಲಲಿ ಎಂಬುದಕ್ಕಾಗಿ.

ಮೀನು ಇಳಿಸುವ ಗಡಿಬಿಡಿಯಲ್ಲಿ ಈ ಕೊನೆಯ ಹೆಜ್ಜೆಯೇ ತಪ್ಪಿಹೋಗುವುದು. ಮರುದಿನ ನಸುಕಿನಲ್ಲಿ ಹಗ್ಗ ಎಳೆದು ಎಳೆದು ತೋಳು ಸೋಲುತ್ತದೆ. ಎಣ್ಣೆ ಬರುತ್ತಿಲ್ಲವೆಂದು ಪಂಪು ಬಿಚ್ಚುತ್ತಾರೆ. ಎಣ್ಣೆ ಬರುತ್ತಿದೆ, ಬರಬಾರದ ಎಣ್ಣೆ ಬರುತ್ತಿದೆ ಅಷ್ಟೇ. ಪ್ಲಗ್ ತೆಗೆದು ಮೂಸಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಬಟ್ಟಲ ತಳದ ತಿರುಪು ಸಡಿಲಿಸಿ ಅಲ್ಲಿರುವುದನ್ನು ಬಸಿದು, ಪೆಟ್ರೋಲ್ ತುಂಬಿಸಿ, ಒಣಗಿದ ಪ್ಲಗ್ ಹಾಕಿದರೆ ಎಂಜಿನ್ ಹೊತ್ತಿಕೊಳ್ಳುತ್ತದೆ.

ಆ ಕಾಕ್ ಕೂಡ ಸಂಶಯಕ್ಕೆ ಅರ್ಹ. ಒಳಗಿನ ಸೀಲು ಸವೆದ ಕಾಕ್ ಒಂದು ಬಾಯನ್ನು ತೆರೆದು ಇನ್ನೊಂದನ್ನು ಪೂರ್ತಿ ಮುಚ್ಚುವುದಿಲ್ಲ. ಪೆಟ್ರೋಲ್ ಕ್ಯಾನು ಖಾಲಿಯಾಗಿದ್ದರೆ ಆ ಕಡೆಯಿಂದ ಗಾಳಿ ನುಸುಳುತ್ತದೆ. ಸೀಮೆಎಣ್ಣೆ ಕ್ಯಾನು ತುಂಬಿದ್ದರೂ ಎಂಜಿನ್ ತೊದಲುತ್ತದೆ. ಪೆಟ್ರೋಲಿನ ಪೈಪನ್ನು ಕಾಕ್‌ನಿಂದ ಕಳಚಿ ಆ ಬಾಯಿಗೆ ಗಟ್ಟಿಯಾಗಿ ಬೂಚು ಹಾಕಿ ನೋಡಿದರೆ ತಪ್ಪು ಯಾರದ್ದೆಂದು ಗೊತ್ತಾಗುತ್ತದೆ.

ಇಂಧನದ ತೊಂದರೆಯನ್ನೂ ಕಿಡಿಯ ತೊಂದರೆಯನ್ನೂ ಬೇರ್ಪಡಿಸಿಕೊಳ್ಳುವುದು ಮೊದಲ ಕೆಲಸ. ಕಿಡಿ ತಪ್ಪಿದ ಎಂಜಿನ್ ಸಾಮಾನ್ಯವಾಗಿ ಸ್ವಿಚ್ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಎಣ್ಣೆ ಸಾಲದ ಎಂಜಿನ್ ಕುಗ್ಗುತ್ತಾ, ಏರುತ್ತಾ, ಮತ್ತೆ ಕುಗ್ಗುತ್ತಾ ನಿಧಾನವಾಗಿ ಸೋಲುತ್ತದೆ. ಬಿಸಿಯಾದ ಮೇಲೆ ಕೆಡುವ ಕಾಯಿಲ್ ಈ ಗುರುತನ್ನು ಕಲಸುಮೇಲೋಗರ ಮಾಡುವುದುಂಟು. ಆಗ ಕೈಗೆ ಬರುವುದು ಆ ರಬ್ಬರ್ ಬಲ್ಬು. ಎಂಜಿನ್ ಸೊರಗುತ್ತಿರುವಾಗಲೇ ದೋಣಿಯಲ್ಲಿರುವ ಇನ್ನೊಬ್ಬರು ಬಲ್ಬನ್ನು ಹಿಚುಕುತ್ತಾ ಹೋಗಬೇಕು. ಎಂಜಿನ್ ಚೇತರಿಸಿಕೊಂಡರೆ ತೊಂದರೆ ಎಣ್ಣೆಯದ್ದೇ. ಕೈಯ ಬಲ ಪಂಪಿನ ಕೆಲಸ ಮಾಡಿತು ಎಂದಾಯಿತು. ಚೋಕ್ ಅರ್ಧ ಎಳೆದಾಗ ಎಂಜಿನ್ ಗಟ್ಟಿಯಾದರೂ ಅದೇ ಸೂಚನೆ: ಒಳಗೆ ಗಾಳಿ ಹೆಚ್ಚು, ಎಣ್ಣೆ ಕಡಿಮೆ.

ನೂರಾರು ರೂಪಾಯಿಯ ಈ ಬಲ್ಬು ಕೊಡುವಷ್ಟು ಮಾಹಿತಿಯನ್ನು ಎಂಜಿನ್‌ನ ಇನ್ನಾವ ಭಾಗವೂ ಕೊಡುವುದಿಲ್ಲ. ಅದರ ಎರಡೂ ತುದಿಯಲ್ಲಿ ಒಂದೇ ದಿಕ್ಕಿಗೆ ತೆರೆಯುವ ಕವಾಟಗಳಿವೆ. ಮೈಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಹಿಚುಕುವಾಗ ಬಾಣ ಮೇಲಕ್ಕೆ ಬರುವಂತೆ ಹಿಡಿದರೆ ಕವಾಟಗಳು ಸರಿಯಾಗಿ ಕೂತು ಗಾಳಿ ಮೇಲೆದ್ದು ಹೋಗುತ್ತದೆ. ನಾಲ್ಕಾರು ಹಿಚುಕಿಗೆ ಬಲ್ಬು ಗಟ್ಟಿಯಾದರೆ ಬಟ್ಟಲು ತುಂಬಿತು ಎಂದರ್ಥ. ಎಷ್ಟು ಹಿಚುಕಿದರೂ ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಬಲ್ಬಿನ ಕವಾಟ ಕೆಟ್ಟಿದೆ, ಇಲ್ಲವೇ ಕಾರ್ಬ್ಯುರೇಟರ್‌ನ ಸೂಜಿ ಕವಾಟ ಮುಚ್ಚಿಕೊಳ್ಳದೆ ಎಣ್ಣೆ ಉಕ್ಕಿ ಹರಿಯುತ್ತಿದೆ. ಎಂಜಿನ್ ಓಡುವಾಗ ಬಲ್ಬು ಹಿಂಡಿದ ನಿಂಬೆ ಸಿಪ್ಪೆಯಂತೆ ಚಪ್ಪಟೆಯಾದರೆ ಟ್ಯಾಂಕಿನ ಕಡೆಯಿಂದ ಎಣ್ಣೆ ಬರುತ್ತಿಲ್ಲ. ಅದು ಗಟ್ಟಿಯಾಗಿಯೇ ಇದ್ದು ಎಂಜಿನ್ ಸೋಲುತ್ತಿದ್ದರೆ ಅಡಚಣೆ ಮುಂದಿದೆ: ಫಿಲ್ಟರ್, ಸೂಜಿ ಕವಾಟ ಅಥವಾ ಬಟ್ಟಲಿನಿಂದ ಎಣ್ಣೆಯನ್ನು ಅಳೆದು ಬಿಡುವ ಜೆಟ್.

ಚಪ್ಪಟೆಯಾದ ಬಲ್ಬು ಕಂಡಾಗ ಮೊದಲು ನೋಡಬೇಕಾದ್ದು ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು. ಸಾಗಿಸುವಾಗ ಎಣ್ಣೆ ಚೆಲ್ಲಬಾರದೆಂದು ಅದನ್ನು ಬಿಗಿ ಮಾಡಿರುತ್ತಾರೆ. ಕಡಲಿಗಿಳಿದಾಗ ತೆರೆಯಲು ಮರೆಯುತ್ತಾರೆ. ಎಣ್ಣೆ ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಕಟ್ಟಿ ಪಂಪು ಎಳೆಯಲಾರದೆ ಸೋಲುತ್ತದೆ. ತಿರುಪು ತೆರೆದಿದ್ದರೂ ಅದರ ರಂಧ್ರದಲ್ಲಿ ಉಪ್ಪು ಕಟ್ಟಿಕೊಂಡಿರುವುದುಂಟು. ಮುಚ್ಚಳವನ್ನೇ ಸ್ವಲ್ಪ ಸಡಿಲಿಸಿದಾಗ ‘ಸುಂಯ್’ ಎಂದು ಗಾಳಿ ಒಳಗೆ ಹೋಗಿ ಎಂಜಿನ್ ಚೇತರಿಸಿಕೊಂಡರೆ ರಿಪೇರಿ ಅಲ್ಲಿಗೇ ಮುಗಿಯಿತು. ಇಲ್ಲವಾದರೆ ಟ್ಯಾಂಕಿನೊಳಗೆ ಇಳಿದ ನಳಿಕೆಯ ತುದಿಯ ಜಾಲರಿ ನೋಡಬೇಕು. ಪ್ಲಾಸ್ಟಿಕ್ ಕ್ಯಾನಿನ ಚೂರು, ಮರಳು, ಮೀನಿನ ಪೊರೆ, ಕಬ್ಬಿಣದ ಟ್ಯಾಂಕಾದರೆ ತುಕ್ಕಿನ ಹಕ್ಕಳೆ ಅಲ್ಲಿ ಕೂತಿರುತ್ತವೆ. ಎಂಜಿನ್ ನಿಂತಾಗ ಕಸ ಕೆಳಗೆ ಬೀಳುತ್ತದೆ, ಎಳೆತ ಶುರುವಾದಾಗ ಮತ್ತೆ ಮೇಲೆದ್ದು ಜಾಲರಿಗೆ ಅಂಟುತ್ತದೆ. ‘ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಯಾಗುತ್ತೆ’ ಎನ್ನುವ ಎಂಜಿನ್‌ಗಳ ರಹಸ್ಯ ಹೆಚ್ಚಾಗಿ ಇದೇ.

ಇನ್ನು ಪೈಪು. ಹಳೆಯ ಪೈಪೊಂದನ್ನು ಉದ್ದುದ್ದಕ್ಕೆ ಸೀಳಿ ನೋಡುವುದು ಪ್ರತಿಯೊಬ್ಬ ದೋಣಿ ಮಾಲೀಕರೂ ಒಮ್ಮೆ ಮಾಡಬೇಕಾದ ಕೆಲಸ. ಹೊರಗೆ ಕಪ್ಪಗೆ, ನುಣ್ಣಗೆ, ಹೊಸದರಂತೆಯೇ ಇರುತ್ತದೆ. ಒಳಗಿನ ಪದರ ಮಾತ್ರ ಹೊರಪದರದಿಂದ ಬಿಟ್ಟುಕೊಂಡು ಸುಕ್ಕಾಗಿ ನಾಲಿಗೆಯಂತೆ ಜೋತುಬಿದ್ದಿರುತ್ತದೆ. ಬಾಯಿಂದ ಊದಿದರೆ ಗಾಳಿ ಸಲೀಸಾಗಿ ಹೋಗುತ್ತದೆ. ಎಳೆತ ಬಿದ್ದಾಗ ಆ ನಾಲಿಗೆ ಅಡ್ಡ ಬಂದು ದಾರಿ ಮುಚ್ಚುತ್ತದೆ. ಅದಕ್ಕೇ ಊದಿ ಪರೀಕ್ಷಿಸಿದ ಪೈಪನ್ನು ನಂಬುವಂತಿಲ್ಲ. ಗಾತ್ರದಲ್ಲೂ ಉಳಿತಾಯ ಮಾಡಬಾರದು. 8 ಮಿಲಿಮೀಟರ್ ಒಳಬಾಯಿಯ ಪೈಪಿನ ಜಾಗಕ್ಕೆ 6 ಮಿಲಿಮೀಟರಿನದು ಹಾಕಿದರೆ ನೋಡಲು ದೊಡ್ಡ ವ್ಯತ್ಯಾಸವಿಲ್ಲ. ಆದರೆ ಅಷ್ಟೇ ಎಳೆತಕ್ಕೆ ಹರಿದುಬರುವ ಎಣ್ಣೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹರಿವು ವ್ಯಾಸದ ನಾಲ್ಕನೇ ಘಾತದಂತೆ ಏರಿಳಿಯುವುದರಿಂದ ಹೀಗಾಗುತ್ತದೆ. ಬೈಕಿನ ಸಣ್ಣ ಫಿಲ್ಟರನ್ನು ನಡುವೆ ಸಿಕ್ಕಿಸುವವರು ತಮಗರಿವಿಲ್ಲದೆ ಇಂಥದ್ದೇ ಕುತ್ತಿಗೆ ಹಿಸುಕುವ ಕೆಲಸ ಮಾಡಿರುತ್ತಾರೆ.

ಗಾಳಿ ಸೋರಿಕೆ ಇನ್ನೂ ಹೆಚ್ಚು ಮೋಸಗೊಳಿಸುವ ದೋಷ. ಪಂಪಿನಿಂದ ಹಿಂದಿನ ಪೈಪೆಲ್ಲ ಎಳೆತದಲ್ಲಿರುವುದರಿಂದ ಬಿರುಕಿನಿಂದ ಎಣ್ಣೆ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಹೊರಗೆ ಒಂದು ಹನಿಯೂ ಕಾಣದ್ದರಿಂದ ಎಲ್ಲ ಸರಿಯಾಗಿದೆ ಎಂದೇ ತೋರುತ್ತದೆ. ಎಂಜಿನ್‌ಗೆ ಸಿಕ್ಕಿಸುವ ಕನೆಕ್ಟರ್‌ನ ಪುಟ್ಟ ರಬ್ಬರ್ ರಿಂಗು ಸವೆದಿದ್ದರೂ ಸಾಕು. ಕ್ಲಾಂಪ್ ಇಲ್ಲದೆ ತಂತಿ ಸುತ್ತಿ ಬಿಗಿದ ಜಾಗಗಳಂತೂ ಸದಾ ಅನುಮಾನಕ್ಕೆ ಒಳಪಟ್ಟವೇ. ತಂತಿ ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಸಡಿಲ ಬಿಡುತ್ತದೆ. ಪತ್ತೆಗೆ ಎರಡು ದಾರಿಗಳಿವೆ. ಎಂಜಿನ್ ನಿಲ್ಲಿಸಿ ಬಲ್ಬನ್ನು ಬಲವಾಗಿ ಹಿಚುಕಿ ಒತ್ತಡ ತಂದರೆ ಬಲ್ಬಿನ ಮುಂದಿನ ಸೋರಿಕೆ ಹನಿಯಾಗಿ ಹೊರಬೀಳುತ್ತದೆ. ಇಲ್ಲವೇ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪು ತಾತ್ಕಾಲಿಕವಾಗಿ ಸೇರಿಸಿ, ಎಂಜಿನ್ ಓಡುವಾಗ ಗುಳ್ಳೆ ಬರುತ್ತಿದೆಯೇ ಎಂದು ಕಣ್ಣಾರೆ ನೋಡಬಹುದು. ಗುಳ್ಳೆ ಕಂಡರೆ ದೋಷ ಹಿಂದೆ, ಕಾಣದಿದ್ದರೆ ಮುಂದೆ. ಅನುಮಾನದಲ್ಲೇ ದಿನ ಕಳೆಯುವುದಕ್ಕೆ ಇದು ಕೊನೆ ಹಾಡುತ್ತದೆ.

ಪಂಪಿನ ಕೆಲಸ ಸೊಗಸಾದದ್ದು. ಟೂ-ಸ್ಟ್ರೋಕ್ ಎಂಜಿನ್‌ನ ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿಳಿಯುತ್ತದೆ. ಆ ಮಿಡಿತ ಒಂದು ಸಣ್ಣ ರಂಧ್ರದ ಮೂಲಕ ತೆಳು ಡಯಾಫ್ರಂ ಹಾಳೆಯನ್ನು ಆಡಿಸುತ್ತದೆ. ಹಾಳೆಯ ಇನ್ನೊಂದು ಬದಿಯಲ್ಲಿ ಎಣ್ಣೆ ಮುಂದೆ ಸಾಗುತ್ತದೆ. ಗಿಯರಿಲ್ಲ, ವಿದ್ಯುತ್ತಿಲ್ಲ. ವರ್ಷಗಳು ಕಳೆದಂತೆ ಹಾಳೆ ಬಿರುಸಾಗಿ ಅದರ ಆಟ ಕುಗ್ಗುತ್ತದೆ. ತೂತು ಬಿದ್ದರಂತೂ ಲಕ್ಷಣವೇ ವಿಚಿತ್ರ. ಎಣ್ಣೆ ಆ ಮಿಡಿತದ ರಂಧ್ರದ ಮೂಲಕ ನೇರವಾಗಿ ಒಂದೇ ಸಿಲಿಂಡರಿನ ಕಡೆ ನುಗ್ಗುತ್ತದೆ. ಎರಡು ಸಿಲಿಂಡರಿನ ಎಂಜಿನ್‌ನಲ್ಲಿ ಒಂದು ಪ್ಲಗ್ ಒದ್ದೆಯಾಗಿ ಕಪ್ಪಗೆ, ಇನ್ನೊಂದು ಒಣಗಿ ಇದ್ದರೆ ಕಾಯಿಲ್ ಕೊಳ್ಳುವ ಮುನ್ನ ಈ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಬೇಕು.

ಇಷ್ಟೆಲ್ಲ ನೋಡಿದ ಮೇಲೆ ಕಾರ್ಬ್ಯುರೇಟರ್‌ನ ಸರದಿ. ಅಲ್ಲಿಯೂ ಎಂಜಿನ್‌ನ ನಡವಳಿಕೆ ಮೊದಲೇ ಸುಳಿವು ಕೊಟ್ಟಿರುತ್ತದೆ. ನಿಂತಲ್ಲಿ ಓಡದೆ ಆರಿಹೋಗುತ್ತದೆ, ರೇಸ್ ಕೊಟ್ಟರೆ ಮಾತ್ರ ಓಡುತ್ತದೆ ಎಂದಾದರೆ ಕೂದಲೆಳೆಯಷ್ಟು ಸಣ್ಣ ಪೈಲಟ್ ಜೆಟ್ ಕಟ್ಟಿದೆ. ನಿಧಾನಗತಿಯಲ್ಲಿ ಸರಿಯಾಗಿದ್ದು ಪೂರ್ತಿ ರೇಸಿಗೆ ಸೋತರೆ ಮೇನ್ ಜೆಟ್ ಮೇಲೆ ಕಣ್ಣಿಡಬೇಕು. ತಿಂಗಳುಗಟ್ಟಲೆ ಬಟ್ಟಲಲ್ಲಿ ನಿಂತ ಪೆಟ್ರೋಲಿನ ಹಗುರ ಭಾಗ ಆವಿಯಾಗಿ ಹೋಗಿ ತಳದಲ್ಲಿ ಅಂಟಾದ ಮಡ್ಡಿ ಉಳಿಯುತ್ತದೆ. ಜೆಟ್ಟಿನ ಬಾಯಿ ಕಟ್ಟುವುದು ಅದೇ. ಅದನ್ನು ಬಿಡಿಸಲು ಉಕ್ಕಿನ ಸೂಜಿ ತೂರಿಸುವುದು ದೊಡ್ಡ ತಪ್ಪು. ಜೆಟ್ ಹಿತ್ತಾಳೆಯದು, ಅದರ ಬಾಯಿಯ ಅಳತೆಯೇ ಎಂಜಿನ್‌ನ ಎಣ್ಣೆಯ ಲೆಕ್ಕ. ಸೂಜಿಯಿಂದ ಗೀರಿದ ಜೆಟ್ ಮುಂದೆಂದೂ ಸರಿಯಾದ ಅಳತೆಗೆ ಬರುವುದಿಲ್ಲ. ದ್ರಾವಕದಲ್ಲಿ ನೆನೆಹಾಕಿ, ಬಲೆಯ ನೈಲಾನ್ ಎಳೆ ತೂರಿಸಿ, ಗಾಳಿ ಹೊಡೆದರೆ ಸಾಕು. ನೈಲಾನಿಗೆ ಕರಾವಳಿಯಲ್ಲಿ ಬರವಿಲ್ಲ.

ಇಂಧನ ಸಾಲದಿದ್ದರೆ ವೇಗ ಕಡಿಮೆಯಾಗುತ್ತದೆ, ಹೇಗೋ ದಡ ಸೇರಬಹುದು ಎಂದು ಎಳೆದುಕೊಂಡು ಹೋಗುವವರಿದ್ದಾರೆ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಇದು ಪ್ರಾಣಾಂತಿಕ ಲೆಕ್ಕಾಚಾರ. ಅದರ ಪಿಸ್ಟನ್‌ಗೆ, ಬೇರಿಂಗ್‌ಗೆ ಬೇಕಾದ ಆಯಿಲ್ ಬರುವುದು ಇಂಧನದಲ್ಲೇ ಕಲಸಿಕೊಂಡು. ಎಷ್ಟೋ ಎಂಜಿನ್‌ಗಳಿಗೆ 50 ಲೀಟರ್ ಪೆಟ್ರೋಲಿಗೆ 1 ಲೀಟರ್ ಆಯಿಲ್ ಅಳತೆ. ಇನ್ನೂ ಹಳೆಯವಕ್ಕೆ ಇದಕ್ಕಿಂತ ಹೆಚ್ಚು. ಇಂಧನ ಅರ್ಧವಾದರೆ ಆಯಿಲ್ ಕೂಡ ಅರ್ಧ. ಜೊತೆಗೆ ಗಾಳಿ ಹೆಚ್ಚಾದ ಮಿಶ್ರಣ ಹೆಚ್ಚು ಬಿಸಿಯಾಗಿ ಉರಿಯುತ್ತದೆ. ಎರಡು ಮೂರು ಕಾರ್ಬ್ಯುರೇಟರ್ ಇರುವ ಎಂಜಿನ್‌ಗಳಲ್ಲಿ ಅಪಾಯ ಇನ್ನೂ ಗೂಢ: ಒಂದು ಜೆಟ್ ಕಟ್ಟಿದರೂ ಉಳಿದ ಸಿಲಿಂಡರುಗಳು ದೋಣಿಯನ್ನು ಎಳೆಯುತ್ತಲೇ ಇರುತ್ತವೆ. ಉಪವಾಸ ಬಿದ್ದ ಸಿಲಿಂಡರಿನ ಪಿಸ್ಟನ್ ಒಳಗೊಳಗೇ ಸುಟ್ಟು ಕಚ್ಚಿಕೊಳ್ಳುತ್ತದೆ. ಬೂದಿಯಂತೆ ಬೆಳ್ಳಗಾದ ಪ್ಲಗ್ ತುದಿ ಕಂಡ ದಿನ ಎಂಜಿನ್ ನಿಲ್ಲಿಸಿ ಕಾರಣ ಹುಡುಕಲೇಬೇಕು. ಒಂದು ಗೇಣು ಪೈಪಿನ ದೋಷ ಎಂಜಿನ್ ಬಿಚ್ಚಿ ಬೋರ್ ಮಾಡಿಸುವವರೆಗೆ ಹೋಗುವುದು ಹೀಗೆ.

ನೀರಿನ ಮಾತು ಬೇರೆಯೇ ಇದೆ. ಕ್ಯಾನಿನಿಂದ ಕ್ಯಾನಿಗೆ ಸುರಿಯುವಾಗ ಮಳೆಹನಿ, ಅಲೆಯ ಸಿಡಿತ, ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿ ಕಟ್ಟುವ ತೇವ, ಎಲ್ಲವೂ ಕೊನೆಗೆ ತಳ ಸೇರುತ್ತವೆ. ನಳಿಕೆಯ ಬಾಯಿ ಇರುವುದೂ ತಳದಲ್ಲೇ. ಅಲೆಗೆ ದೋಣಿ ಕುಲುಕಿದಾಗ ಆ ನೀರು ಎದ್ದು ಪೈಪಿಗೆ ಸೇರುತ್ತದೆ. ಟ್ಯಾಂಕಿನ ತಳದ ಎಣ್ಣೆಯನ್ನು ಗಾಜಿನ ಬಾಟಲಿಗೆ ತೆಗೆದು ಒಂದು ರಾತ್ರಿ ಅಲುಗಿಸದೆ ಇಟ್ಟರೆ ನೀರು ಬೇರೆಯಾಗಿ ಕೆಳಗೆ ನಿಲ್ಲುತ್ತದೆ. ನೀಲಿ ಬಣ್ಣ ಬೆರೆಸಿದ ಪಡಿತರದ ಸೀಮೆಎಣ್ಣೆಯಲ್ಲಂತೂ ಬಣ್ಣವಿಲ್ಲದ ನೀರಿನ ಗೆರೆ ಢಾಳಾಗಿ ಕಾಣಿಸುತ್ತದೆ.

ಈಗ ಆ ನೀಲಿ ಎಣ್ಣೆಯ ಕಾಲವೇ ಮುಗಿಯುತ್ತಾ ಬಂದಿದೆ. ಸಬ್ಸಿಡಿ ಸೀಮೆಎಣ್ಣೆ ಸಕಾಲಕ್ಕೆ ಸಿಗುತ್ತಿಲ್ಲವೆಂದು ನಾಡದೋಣಿ ಮೀನುಗಾರರು ವರ್ಷಗಳಿಂದ ಬೀದಿಗಿಳಿದಿದ್ದಾರೆ. ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲ್ ಅಥವಾ ಡೀಸೆಲ್‌ಗೆ ಬದಲಿಸಿಕೊಳ್ಳಲು ದೋಣಿಗೆ ತಲಾ 50,000 ರೂಪಾಯಿ ಸಹಾಯಧನ ಕೊಡುವುದಾಗಿ ರಾಜ್ಯ ಸರ್ಕಾರ 2023ರ ಜುಲೈ ಬಜೆಟ್ಟಿನಲ್ಲಿ ಪ್ರಕಟಿಸಿತು. ಅದೇ ವರ್ಷದ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿತ್ತು. ಈ ಎರಡು ನಿರ್ಧಾರಗಳೂ ಒಂದೇ ದೋಣಿಯಲ್ಲಿ ಬಂದು ಕೂತಿವೆ. ಅವು ಒಂದಕ್ಕೊಂದು ಹೊಂದಿಕೊಳ್ಳುತ್ತವೆಯೇ ಎಂದು ಯಾರಾದರೂ ಕೂತು ಯೋಚಿಸಬೇಕಾದ ಹೊತ್ತಿದು.

ಎಥನಾಲಿಗೆ ನೀರೆಂದರೆ ಪ್ರೀತಿ. ಕಡಲಂಚಿನ ತೇವವನ್ನು ಅದು ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ಆ ನೀರು ಪೆಟ್ರೋಲಿನಲ್ಲಿ ಕರಗಿಯೇ ಇರುತ್ತದೆ. ಮಿತಿ ದಾಟಿದಾಗ, ಅಥವಾ ರಾತ್ರಿ ತಂಪಾದಾಗ, ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟೂ-ಸ್ಟ್ರೋಕ್ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನ ಪದರದಲ್ಲೇ ಉಳಿಯುತ್ತದೆ. ತಳದಿಂದ ಎಳೆಯುವ ನಳಿಕೆ ಎಂಜಿನ್‌ಗೆ ಕಳಿಸುವುದು ಆಯಿಲ್ ಇಲ್ಲದ, ನೀರು ತುಂಬಿದ ಆ ಕೆಳಪದರವನ್ನು. ಇದರ ಜೊತೆಗೆ, ಹಳೆಯ ರಬ್ಬರನ್ನು ಎಥನಾಲ್ ಉಬ್ಬಿಸಿ ಮೆತ್ತಗಾಗಿಸುತ್ತದೆ. ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ್ದ ಮಡ್ಡಿಯನ್ನು ಕರಗಿಸಿ ಜೆಟ್ಟಿಗೆ ಕಳಿಸುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ತನ್ನ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು, ಎಥನಾಲಿಗೆ 9 ಪಟ್ಟು ಸಾಕು. ಜೆಟ್ಟಿನ ಬಾಯಿ ಬದಲಾಗದ ಕಾರ್ಬ್ಯುರೇಟರಿನಲ್ಲಿ ಈ ಲೆಕ್ಕ ತಪ್ಪಿ, ಎಂಜಿನ್ ಮೊದಲಿಗಿಂತ ಹೆಚ್ಚಿನ ಇಂಧನದ ಕೊರತೆಯಲ್ಲಿ ಓಡುತ್ತದೆ. ಹಲವು ಔಟ್‌ಬೋರ್ಡ್ ತಯಾರಕರು ಎಥನಾಲ್ ಶೇ 10 ಮೀರಬಾರದೆಂದು ತಮ್ಮ ಕೈಪಿಡಿಗಳಲ್ಲಿ ಹೇಳಿರುವುದು ಸುಮ್ಮನೆ ಅಲ್ಲ.

ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ದಡದಲ್ಲೇ ಅಂದಾಜು ಮಾಡಬಹುದು. ಅಳತೆ ಗೆರೆಯಿರುವ ಪಾರದರ್ಶಕ ಬಾಟಲಿಗೆ ಸ್ವಲ್ಪ ನೀರು ಹಾಕಿ ಗೆರೆ ಗುರುತಿಸಿ, ಮೇಲೆ ಪೆಟ್ರೋಲ್ ಸುರಿದು ಕುಲುಕಿ ಇಡಬೇಕು. ತಳದ ನೀರಿನ ಮಟ್ಟ ಎಷ್ಟು ಏರಿತೋ ಹೆಚ್ಚುಕಡಿಮೆ ಅಷ್ಟು ಎಥನಾಲ್ ಪೆಟ್ರೋಲಿನಿಂದ ನೀರಿಗೆ ಇಳಿದಿದೆ. ಬೀಡಿ ಹಚ್ಚಿದವರು ಹತ್ತಿರ ಸುಳಿಯದಂತೆ ನೋಡಿಕೊಂಡು, ಬಯಲಿನಲ್ಲಿ ಮಾಡಬೇಕಾದ ಪರೀಕ್ಷೆ ಇದು.

ಬೀಡಿಯ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಸೀಮೆಎಣ್ಣೆ ಚೆಲ್ಲಿದ ದೋಣಿಯಲ್ಲಿ ದಶಕಗಳಿಂದ ಓಡಾಡಿದವರ ಕೈಗೆ ಒಂದು ಧೈರ್ಯ ಅಂಟಿಕೊಂಡಿದೆ. ಓಡುತ್ತಿರುವ ಎಂಜಿನ್‌ನ ಪಕ್ಕದಲ್ಲೇ ಪೈಪು ಕಳಚುವುದು, ತೆರೆದ ಕ್ಯಾನಿನಿಂದ ಸುರಿಯುವುದು, ಪ್ಲಗ್ ಹೊರತೆಗೆದು ಕಿಡಿ ನೋಡುವುದು ಆ ಎಣ್ಣೆಯಲ್ಲಿ ಹೇಗೋ ನಡೆದುಹೋಗುತ್ತಿತ್ತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ; ದೋಣಿಯ ತಳದಲ್ಲಿ, ಬಲೆಯ ರಾಶಿಯ ಅಡಿಯಲ್ಲಿ ಅದು ಹರಡಿ ನಿಲ್ಲುತ್ತದೆ. ಹಳೆಯ ಅಭ್ಯಾಸದಲ್ಲಿ ಮಾಡುವ ಒಂದು ಕಿಡಿ ಪರೀಕ್ಷೆ ದೋಣಿಯನ್ನೇ ಸುಡಬಲ್ಲದು. ಇಂಧನದ ಪರೀಕ್ಷೆ ಮುಗಿಸಿ, ಚೆಲ್ಲಿದ್ದು ಒರೆಸಿ, ಗಾಳಿಯಾಡಿದ ಮೇಲೆಯೇ ಕಿಡಿಯ ಪರೀಕ್ಷೆಗೆ ಕೈಹಾಕಬೇಕು.

ಸೀಮೆಎಣ್ಣೆಗೆಂದು ಕಟ್ಟಿದ ಎಂಜಿನ್‌ನ ಸಿಲಿಂಡರಿನೊಳಗಿನ ಒತ್ತಡವನ್ನೇ ಕಡಿಮೆ ಇಟ್ಟಿರುತ್ತಾರೆ; ಇಲ್ಲವಾದರೆ ಆ ಎಣ್ಣೆ ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ. ಅದರಲ್ಲಿ ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಓಡುತ್ತದೆ, ಆದರೆ ದುಬಾರಿ ಎಣ್ಣೆಯ ಪೂರ್ತಿ ಬಲ ಸಿಗುವುದಿಲ್ಲ. ಹೆಡ್, ಜೆಟ್ ಎರಡನ್ನೂ ಮಾದರಿಗೆ ತಕ್ಕಂತೆ ಬದಲಿಸಿದಾಗಲೇ ಪರಿವರ್ತನೆ ಎನ್ನಬಹುದು. ಜೊತೆಗೆ ಎಥನಾಲ್ ತಡೆಯುವ ಹೊಸ ಪೈಪು, ಹೊಸ ಬಲ್ಬು, ಹೊಸ ಡಯಾಫ್ರಂ, ಟ್ಯಾಂಕಿಗೂ ಎಂಜಿನ್‌ಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಬೇಕೇ ಬೇಕು. ಹಣ ಖಾತೆಗೆ ಹಾಕಿದ ಮಾತ್ರಕ್ಕೆ ಇಷ್ಟೂ ಆಗುವುದಿಲ್ಲ. ಮೀನುಗಾರಿಕೆ ಇಲಾಖೆ ಸಹಾಯಧನದ ಜೊತೆ ಈ ಭಾಗಗಳ ಕಿಟ್ ಒಂದನ್ನು ಕೊಟ್ಟು, ಬಂದರು ಬಂದರಿನ ಮೆಕ್ಯಾನಿಕ್‌ಗಳನ್ನು ಕರೆದು ಎಥನಾಲಿನ ಗುಣ ತಿಳಿಸಿಕೊಟ್ಟರೆ ಅದು ಕಡಲಿನ ಸುರಕ್ಷತೆಗೆ ನೇರವಾಗಿ ಸಲ್ಲುವ ಖರ್ಚು.

ಅಲ್ಲಿಯವರೆಗೆ ದೋಣಿಯವರ ಕೈಯಲ್ಲಿರುವುದು ಮುಂಜಾಗ್ರತೆ. ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತಂದು, ಟ್ಯಾಂಕನ್ನು ಆದಷ್ಟು ತುಂಬಿಟ್ಟರೆ ತೇವ ಕೂರಲು ಜಾಗ ಕಡಿಮೆ. ಎಂಜಿನ್ ಕೆಲವು ವಾರ ದಡದಲ್ಲಿರುವುದಾದರೆ ಪೈಪು ಕಳಚಿ, ತಂಪಿಗೆ ನೀರು ಬಿಟ್ಟುಕೊಂಡು, ನಿಧಾನಗತಿಯಲ್ಲಿ ತಾನಾಗಿ ನಿಲ್ಲುವವರೆಗೆ ಓಡಿಸಿ, ಉಳಿದ ಕೊನೆಯ ಹನಿಗಳನ್ನು ಬಟ್ಟಲ ತಳದ ತಿರುಪಿನಿಂದ ಬಸಿಯಬೇಕು. ದೋಣಿಯ ಡಬ್ಬಿಯಲ್ಲಿ ಒಂದು ಜೋಡಿ ಪ್ಲಗ್, ಒಂದು ಬಲ್ಬು, ಒಂದು ಮಾರು ಪೈಪು, ನಾಲ್ಕು ಕ್ಲಾಂಪ್, ಕನೆಕ್ಟರಿನ ರಬ್ಬರ್ ರಿಂಗು ಇದ್ದರೆ ಕಡಲಿನ ಮೇಲೆಯೇ ಮುಗಿಯಬಹುದಾದ ರಿಪೇರಿಗಳು ಬಹಳ. ಮತ್ತು ಅಳಿವೆಗೆ ಮೂತಿ ತಿರುಗಿಸುವ ಮುನ್ನ, ನೀರು ಶಾಂತವಿರುವ ನದಿಯೊಳಗೇ ಎರಡು ಮೂರು ನಿಮಿಷ ಪೂರ್ತಿ ರೇಸಿನಲ್ಲಿ ಓಡಿಸಿ ನೋಡಬೇಕು. ಬಟ್ಟಲ ಎಣ್ಣೆ ಮುಗಿದು ಪೈಪಿನ ನಿಜಬಣ್ಣ ಬಯಲಾಗಲು ಅಷ್ಟು ಹೊತ್ತು ಸಾಕು. ಅಷ್ಟರಲ್ಲಿ ಎಂಜಿನ್ ಸೊರಗಿದರೆ ಹುಟ್ಟು ಹಾಕಿಕೊಂಡು ದಡಕ್ಕೆ ಮರಳಬಹುದು.